ಎತ್ತು, ಕುದುರೆ, ಪಂಜುರ್ಲಿ: ಕೆರಾಡಿಯಿಂದ ‘ಚೋಮನ ದುಡಿ’ಯನ್ನು ನೋಡಿದಾಗ

1. ಪ್ರಶ್ನೆ

ಕುಂದಾಪುರ ತಾಲೂಕಿನ ಕೆರಾಡಿ ಘಟ್ಟದ ಬುಡದ ಹಳ್ಳಿ. ಮೂಡುಗಲ್ಲು ಕೇಶವನಾಥೇಶ್ವರನ ಗುಹಾಲಯ ಇರುವ ಊರು ಎಂದು ಮೊದಲು ಸುತ್ತಲಿನವರಿಗಷ್ಟೇ ಗೊತ್ತಿತ್ತು. 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ತೆರೆಕಂಡ ಮೇಲೆ ಅದರ ನಿರ್ದೇಶಕ ರಿಷಬ್ ಶೆಟ್ಟಿಯವರ ಹುಟ್ಟೂರೂ ಚಿತ್ರೀಕರಣದ ನೆಲವೂ ಇದೇ ಎಂಬುದು ಲೋಕಕ್ಕೆಲ್ಲ ತಿಳಿಯಿತು. ಈಗ ಕೆರಾಡಿ ಎಂದೊಡನೆ ಕಣ್ಣಿಗೆ ಬರುವುದು ಆ ಚಿತ್ರದ ಬಣ್ಣಗಳು: ಗಗ್ಗರ, ದೊಂದಿಯ ಬೆಂಕಿ, ಕಾಡಿನ ಹಸಿರು, ಪಂಜುರ್ಲಿ ದೈವದ ಮುಖವರ್ಣಿಕೆ.

ಇದೇ ಕರಾವಳಿಯ ನೆಲ, ಒಡೆತನ ಮತ್ತು ದೈವವನ್ನು ಕುರಿತು 1975ರಲ್ಲಿ ಇನ್ನೊಂದು ಚಿತ್ರ ಬಂದಿತ್ತು. ಅದರಲ್ಲಿ ಬಣ್ಣವಿರಲಿಲ್ಲ. ಬಿ.ವಿ. ಕಾರಂತರು ನಿರ್ದೇಶಿಸಿದ ಆ ‘ಚೋಮನ ದುಡಿ’ಯ ಮೂಲ ಕಾದಂಬರಿಯನ್ನು ಬರೆದವರು ಕೆರಾಡಿಯಿಂದ ಕಡಲ ಕಡೆಗೆ ಇಳಿದರೆ ಸಿಗುವ ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಹುಟ್ಟಿದ ಶಿವರಾಮ ಕಾರಂತರು. ಕೋಟ ಈಗ ಬ್ರಹ್ಮಾವರ ತಾಲೂಕಿನಲ್ಲಿದೆ. ಚಿತ್ರ ಬಂದಾಗ ಈ ಊರುಗಳೆಲ್ಲ ಅವಿಭಜಿತ ದಕ್ಷಿಣ ಕನ್ನಡದಲ್ಲಿದ್ದವು.

ಈ ಟಿಪ್ಪಣಿಯ ಪ್ರಶ್ನೆ ಚಿಕ್ಕದು. ಕಷ್ಟದಲ್ಲಿರುವ ಒಂದು ಕುಟುಂಬದ ಕಥೆಯಲ್ಲಿ ಬಿಡುಗಡೆ ಯಾವ ಬಾಗಿಲಿನಿಂದ ಬರುತ್ತದೆ, ಆ ಬಾಗಿಲನ್ನು ನಿರ್ಧರಿಸುವವರು ಯಾರು? ಇದಕ್ಕೆ ಉತ್ತರ ಹುಡುಕಲು ‘ಚೋಮನ ದುಡಿ’ಯ ಪಕ್ಕದಲ್ಲಿ ಕೊರಿಯಾದ ಒಂದು ಕಪ್ಪು-ಬಿಳುಪು ಚಿತ್ರವನ್ನು ಇಟ್ಟು ನೋಡಿದ್ದೇನೆ. ಅದು ಕಾಂಗ್ ದೇಜಿನ್ ನಿರ್ದೇಶನದ ‘ಮಾಬು’ (1961). ಮಾಬು ಎಂದರೆ ಕುದುರೆಗಾಡಿಯವನು.

2. ಎರಡು ಚಿತ್ರ, ಒಂದೇ ಕುಟುಂಬ

ಇಲ್ಲಿ ಒಬ್ಬರಿಂದ ಒಬ್ಬರಿಗೆ ಪ್ರಭಾವ ಹರಿಯಿತು ಎಂಬ ವಾದವಿಲ್ಲ. ಶಿವರಾಮ ಕಾರಂತರ ಕಾದಂಬರಿ 1930ರ ದಶಕದ ಆರಂಭದ್ದು; ‘ಮಾಬು’ಗಿಂತ ಸುಮಾರು ಮೂರು ದಶಕ ಹಿರಿಯದು. ಹೀಗಿದ್ದೂ ಎರಡು ಮನೆಗಳ ಲೆಕ್ಕ ಹತ್ತಿರ ಹತ್ತಿರ ಬರುತ್ತದೆ.

ಚೋಮ ಹೆಂಡತಿಯನ್ನು ಕಳೆದುಕೊಂಡವನು. ನಾಲ್ಕು ಗಂಡುಮಕ್ಕಳು, ಬೆಳ್ಳಿ ಎಂಬ ಒಬ್ಬಳೇ ಮಗಳು. ಅಸ್ಪೃಶ್ಯನೆನಿಸಿಕೊಂಡ, ಧಣಿ ಸಂಕಪ್ಪಯ್ಯನ ಮನೆಗೆ ವಂಶಪಾರಂಪರ್ಯವಾಗಿ ಬಿದ್ದ ಆಳು. ಕಾಡಿನಲ್ಲಿ ಸಿಕ್ಕಿದ ಎರಡು ಕರುಗಳನ್ನು ಸಾಕಿ ಎತ್ತು ಮಾಡಿಕೊಂಡಿದ್ದಾನೆ. ಅವನಿಗಿರುವ ಆಸೆ ಒಂದೇ, ಆ ಎತ್ತು ಕಟ್ಟಿ ತಾನೂ ಬೇಸಾಯ ಮಾಡಬೇಕು.

‘ಮಾಬು’ವಿನ ಚುನ್‌ಸಮ್ ಕೂಡ ವಿಧುರ. ಅವನಿಗೆ ನಾಲ್ವರು ಮಕ್ಕಳು. ಸೋಲ್ ನಗರದ ಬೀದಿಗಳಲ್ಲಿ ಕುದುರೆಗಾಡಿಯ ಮೇಲೆ ಸಾಮಾನು ಸಾಗಿಸಿ ಹೊಟ್ಟೆ ಹೊರೆಯುತ್ತಾನೆ. ಹಿರಿಯ ಮಗ ಸುಅಪ್ ನ್ಯಾಯಾಂಗದ ಸರಕಾರಿ ಪರೀಕ್ಷೆಗೆ ಕೂತು ಕೂತು ನಪಾಸಾಗಿದ್ದಾನೆ. ಹಿರಿಯ ಮಗಳಿಗೆ ಮಾತು ಬಾರದು. ಗಂಡನ ಮನೆಯಲ್ಲಿ ಹೊಡೆತ ತಪ್ಪದು. ಕಿರಿಯ ಮಗಳಿಗೆ ಸಿರಿವಂತರ ಬದುಕಿನ ಹುಚ್ಚು. ಕಿರಿಯ ಮಗ ಕೈಚಳಕದ ಕಳ್ಳತನಕ್ಕೆ ಬಿದ್ದಿದ್ದಾನೆ.

ಎರಡು ಚಿತ್ರಗಳಲ್ಲೂ ಕಥೆ ನಿಂತಿರುವುದು ಅಪ್ಪನ ಪಾತ್ರಧಾರಿಯ ಹೆಗಲ ಮೇಲೆ. ಚುನ್‌ಸಮ್ ಆದವರು ಕಿಮ್ ಸುಂಗ್‌ಹೊ. ಆ ಕಾಲದ ಕೊರಿಯನ್ ಪರದೆಯಲ್ಲಿ ಬಡ ಮನೆಯ ಅಪ್ಪ ಎಂದರೆ ಜನಕ್ಕೆ ನೆನಪಾಗುತ್ತಿದ್ದ ಮುಖ ಅವರದು. ಚೋಮನಾದವರು ಎಂ.ವಿ. ವಾಸುದೇವರಾವ್. ಗುಬ್ಬಿ ಕಂಪನಿಯ ರಂಗದಿಂದ ಬಂದು ವರ್ಷಗಟ್ಟಲೆ ಸಣ್ಣಪುಟ್ಟ ಪಾತ್ರ ಮಾಡಿದ್ದ ಅವರಿಗೆ ಇಡೀ ಚಿತ್ರ ಹೊರುವ ಅವಕಾಶ ಸಿಕ್ಕಿದ್ದು ಇಲ್ಲಿ. ಇಪ್ಪತ್ತಮೂರನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ‘ಚೋಮನ ದುಡಿ’ ಅತ್ಯುತ್ತಮ ಚಿತ್ರವಾಗಿ ಸ್ವರ್ಣಕಮಲ ಪಡೆಯಿತು. ವಾಸುದೇವರಾವ್ ಅತ್ಯುತ್ತಮ ನಟರಾದರು, ಅತ್ಯುತ್ತಮ ಕಥೆಯ ಪ್ರಶಸ್ತಿ ಶಿವರಾಮ ಕಾರಂತರಿಗೆ ಬಂತು. ‘ಮಾಬು’ 1961ರ ಬರ್ಲಿನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಬೆಳ್ಳಿ ಕರಡಿಯನ್ನು ಗೆದ್ದುಕೊಂಡು ಯುರೋಪಿನ ದೊಡ್ಡ ಉತ್ಸವವೊಂದರಲ್ಲಿ ಕೊರಿಯಾಕ್ಕೆ ಮೊದಲ ಮನ್ನಣೆ ತಂದಿತು.

3. ಪ್ರಾಣಿ ಯಾರದು, ನೆಲ ಯಾರದು

ಹೋಲಿಕೆ ಇಲ್ಲಿಂದ ಮುಂದೆ ವ್ಯತ್ಯಾಸವಾಗುತ್ತದೆ. ಚುನ್‌ಸಮ್‌ಗೆ ದುಡಿಮೆ ಇದೆ, ಕುದುರೆ ಅವನದಲ್ಲ. ಅದು ಕುದುರೆಗಳ ಮಾಲೀಕನದು. ಚೋಮನದು ತಿರುವುಮುರುವಿನ ಸ್ಥಿತಿ. ಎತ್ತು ಅವನವೇ. ಹೂಡಲು ನೆಲವಿಲ್ಲ, ಹೂಡುವ ಹಕ್ಕೂ ಇಲ್ಲ.

ಈ ಎರಡನೆಯ ಇಲ್ಲವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕರಾವಳಿಯಲ್ಲಿ ಗದ್ದೆಗಳನ್ನು ನೀರಿನ ಲೆಕ್ಕದಲ್ಲಿ ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುತ್ತಾರೆ. ಬೈಲು ತಗ್ಗಿನ ಗದ್ದೆ, ನೀರು ನಿಲ್ಲುವಂಥದು. ಬೆಟ್ಟು ಮೇಲಿನದು, ಮಳೆಯನ್ನೇ ನಂಬಿದ್ದು. ಇವುಗಳ ಮೇಲಿನ ಹಕ್ಕಿಗೂ ಮೆಟ್ಟಿಲುಗಳಿದ್ದವು. ಮೇಲೆ ವರ್ಗದಾರ, ಅವನ ಕೆಳಗೆ ಕಾಯಂ ಹಕ್ಕಿನ ಮೂಲಗೇಣಿಯವನು, ಅವನಿಗೂ ಕೆಳಗೆ ಧಣಿ ಬೇಡವೆಂದರೆ ಏಳಬೇಕಾದ ಚಾಲಗೇಣಿಯವನು. ಚೋಮ ಈ ಏಣಿಯ ಕೊನೆಯ ಮೆಟ್ಟಿಲಲ್ಲೂ ಇಲ್ಲ. ಅವನು ನೆಲದ ಜೊತೆಗೆ ಲೆಕ್ಕಕ್ಕೆ ಬರುವ ಮೂಲದಾಳು. ಒಕ್ಕಲಾಗಬೇಕೆಂಬ ಅವನ ಆಸೆ ಬಡವನೊಬ್ಬ ಇನ್ನಷ್ಟು ಸಂಪಾದಿಸಬೇಕೆಂದು ಪಡುವ ಆಸೆಯ ಜಾತಿಗೆ ಸೇರಿದ್ದಲ್ಲ. ಅದು ಏಣಿಗೆ ಕಾಲಿಡುವ ಆಸೆ. ಕಾದಂಬರಿಯಲ್ಲಿ ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಕರಗುತ್ತದೆ. ಹಿಂದಿನಿಂದ ನಡೆದುಬಂದದ್ದನ್ನು ಮುರಿಯಲು ಅವನ ತಾಯಿ ಬಿಡುವುದಿಲ್ಲ. ಧಣಿಯ ಒಳ್ಳೆಯತನ ಹೊಸ್ತಿಲು ದಾಟಿ ಹೊರಗೆ ಬರುವುದೇ ಇಲ್ಲ.

ಉಳಿದದ್ದು ಇನ್ನೆರಡು ದಾರಿ. ಒಂದು ಘಟ್ಟ ಹತ್ತುವುದು. ಕುಂದಾಪುರದಿಂದ ಪುತ್ತೂರಿನವರೆಗಿನ ಕೂಲಿಕಾರರಿಗೆ ಕಾಫಿ ತೋಟ ಎಂದರೆ ಮುಂಗಡ ಸಾಲ, ಮಲೆಜ್ವರ ಮತ್ತು ರೈಟರನ ಲೆಕ್ಕದ ಪುಸ್ತಕ. ಅಪ್ಪನ ಸಾಲ ತೀರಿಸಲು ತೋಟಕ್ಕೆ ಹೋದ ಮಗ ಚನಿಯ ಕಾಯಿಲೆ ಬಿದ್ದು ಸಾಯುತ್ತಾನೆ. ಇನ್ನೊಬ್ಬ ಮಗ ಗುರುವ ಕ್ರೈಸ್ತ ಹುಡುಗಿಯನ್ನು ಮದುವೆಯಾಗಿ ಮತಾಂತರಗೊಳ್ಳುತ್ತಾನೆ. ಅಣ್ಣಂದಿರು ತೀರಿಸದ ಸಾಲಕ್ಕೆ ಬೆಳ್ಳಿ ತೋಟ ಹತ್ತುತ್ತಾಳೆ, ತೋಟದ ದೊರೆ ಅವಳ ಮೇಲೆ ಅತ್ಯಾಚಾರ ಎಸಗುತ್ತಾನೆ, ಸಾಲ ವಜಾ ಆಗುತ್ತದೆ. ಅವಳು ಮನೆಗೆ ಬಂದು ಅಪ್ಪನಿಗೆ ಹೇಳುವುದು ಸಾಲ ಹರಿಯಿತು ಎಂಬುದನ್ನು ಮಾತ್ರ. ಹೇಗೆ ಹರಿಯಿತು ಎಂಬುದು ಪ್ರೇಕ್ಷಕನ ಎದೆಯಲ್ಲಿ ಉಳಿಯುತ್ತದೆ. ಪದ್ಮಾ ಕುಮಟಾ ಅವರ ಬೆಳ್ಳಿಯನ್ನು ನೋಡಿದವರು ಮರೆಯಲಾರರು. ಇನ್ನೊಂದು ದಾರಿ ಇಗರ್ಜಿಯದು. ಪಾದ್ರಿಗಳು ಭೂಮಿಯ ಆಸೆ ತೋರಿಸುತ್ತಾರೆ.

4. ನೀರಿನ ದೃಶ್ಯ

ಎರಡು ಚಿತ್ರಗಳಲ್ಲೂ ಮನೆಯ ಒಂದೊಂದು ಜೀವ ನೀರಿಗೆ ಬಲಿಯಾಗುತ್ತದೆ. ಹೋಲಿಕೆಯ ಬೆಲೆ ಗೊತ್ತಾಗುವುದು ಇಲ್ಲಿಯೇ.

‘ಮಾಬು’ವಿನಲ್ಲಿ ಮಾತು ಬಾರದ ಮಗಳು ಗಂಡನ ಕಾಟ ತಾಳದೆ ತವರಿಗೆ ಬರುತ್ತಾಳೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ನ್ಯಾಯ ಅಲ್ಲಿಯೂ ಇದೆ. ಅಪ್ಪ ಅವಳನ್ನು ಗಂಡನ ಮನೆಗೇ ಅಟ್ಟುತ್ತಾನೆ. ಕೊನೆಗೆ ಅವಳು ಹೊಳೆಗೆ ಹಾರುತ್ತಾಳೆ. ಅವಳ ಸಾವಿನಲ್ಲಿ ಅಪ್ಪನ ಪಾಲಿದೆ. ಚಿತ್ರ ಅದನ್ನು ಮುಚ್ಚಿಡುವುದಿಲ್ಲ.

‘ಚೋಮನ ದುಡಿ’ಯಲ್ಲಿ ನೀಲ ಎಂಬ ಮಗ ನೀರಿನಲ್ಲಿ ಮುಳುಗುತ್ತಾನೆ. ಸುತ್ತ ಜನರಿದ್ದಾರೆ, ಈಜು ಬಲ್ಲವರಿದ್ದಾರೆ. ಮುಳುಗುತ್ತಿರುವವನನ್ನು ಎತ್ತಬೇಕೆಂದರೆ ಮುಟ್ಟಬೇಕು, ಮುಟ್ಟಿದರೆ ಮೈಲಿಗೆ. ಈ ಸಾವಿಗೆ ಕಾರಣ ಮನೆಯೊಳಗಿನ ತಪ್ಪಲ್ಲ. ದಡದಲ್ಲಿ ನಿಂತ ಊರು. ಕೊರಿಯಾದ ಚಿತ್ರದಲ್ಲಿ ಬಡತನ ಮನೆಯೊಳಗೆ ಹೊಕ್ಕು ಅಪ್ಪ-ಮಗಳ ಸಂಬಂಧವನ್ನು ಕೆಡಿಸುತ್ತದೆ. ಕನ್ನಡದ ಚಿತ್ರದಲ್ಲಿ ಮನೆಯ ಹೊರಗೆ ಒಂದು ಗೆರೆಯಿದೆ, ಅದು ಬಡತನಕ್ಕಿಂತ ಹಳೆಯದು. ಚುನ್‌ಸಮ್‌ಗೆ ಸಂಬಳ ಹೆಚ್ಚಿದರೆ ಕಥೆ ಬದಲಾಗುತ್ತಿತ್ತು. ಚೋಮನ ಕೈಗೆ ಹಣ ಬಂದರೂ ನೀಲ ಬದುಕುತ್ತಿರಲಿಲ್ಲ.

5. ಕಾಯ್ದೆಯ ಹಿನ್ನೆಲೆ

‘ಮಾಬು’ ಸುಖಾಂತ ಚಿತ್ರ. ಕಾರು ಗುದ್ದಿ ಚುನ್‌ಸಮ್ ಗಾಯಗೊಂಡು ಮಲಗಿದಾಗ ಮಾಲೀಕ ಕುದುರೆಯನ್ನು ಮಾರಲು ಹೊರಡುತ್ತಾನೆ. ಆಗ ಮಾಲೀಕನ ಮನೆಯ ಕೆಲಸದಾಕೆ ಸುವೊನ್‌ದೇಕ್ ತನ್ನ ಗಂಟಿನ ಹಣ ಹಾಕಿ ಅದೇ ಕುದುರೆಯನ್ನು ಕೊಂಡು ತರುತ್ತಾಳೆ. ಸುವೊನ್‌ದೇಕ್ ಎಂಬುದು ಅವಳ ಹೆಸರಲ್ಲ, ‘ಸುವೊನ್ ಊರಿನವಳು’ ಎಂದಷ್ಟೇ ಅರ್ಥ. ತವರೂರಿನ ಹೆಸರಿನಿಂದ ಹೆಂಗಸರನ್ನು ಗುರುತಿಸುವ ಈ ರೂಢಿ ನಮ್ಮ ಹಳ್ಳಿಯವರಿಗೆ ಹೊಸದೇನಲ್ಲ. ಕೊನೆಗೆ ಸುಅಪ್ ಪರೀಕ್ಷೆಯಲ್ಲಿ ಪಾಸಾಗುತ್ತಾನೆ. ಹಿಮ ಬೀಳುತ್ತಿರುವಾಗ ಸರಕಾರಿ ಕಚೇರಿಯ ಮುಂದೆ ಮನೆಯವರೆಲ್ಲ ಸೇರುತ್ತಾರೆ, ಮಗನೇ ಮುಂದಾಗಿ ಆಕೆಯನ್ನು ತಮ್ಮ ತಾಯಿಯಾಗಬೇಕೆಂದು ಕೇಳಿಕೊಳ್ಳುತ್ತಾನೆ.

ಈ ಸುಖಾಂತವನ್ನು ಬರೀ ಸಿನಿಮೀಯ ಎಂದು ತಳ್ಳಿಹಾಕುವ ಮೊದಲು ಒಂದು ಸಂಗತಿ ಗಮನಿಸಬೇಕು. ದಕ್ಷಿಣ ಕೊರಿಯಾದಲ್ಲಿ 1949ರಲ್ಲಿ ಭೂ ಸುಧಾರಣಾ ಕಾಯ್ದೆ ಬಂತು, 1950ರಲ್ಲಿ ಜಾರಿಯಾಯಿತು. ಒಂದು ಕುಟುಂಬದ ಹಿಡುವಳಿಗೆ ಸುಮಾರು ಮೂರು ಹೆಕ್ಟೇರಿನ ಮಿತಿ ಬಿತ್ತು. ಹಳೆಯ ಜಮೀನ್ದಾರಿಯ ಬೆನ್ನು ಮುರಿದ ಮೇಲೆ ಮೇಲೇರುವ ಏಣಿ ಗದ್ದೆಯಿಂದ ಪರೀಕ್ಷಾ ಕೊಠಡಿಗೆ ಸರಿಯಿತು. ಹೀಗಾಗಿ 1961ರ ಪ್ರೇಕ್ಷಕನಿಗೆ ಪರೀಕ್ಷೆಯ ಫಲಿತಾಂಶ ನಂಬಬಹುದಾದ ಬಾಗಿಲಾಗಿ ಕಂಡಿರಬೇಕು. ಎಲ್ಲರಿಗೂ ಅಲ್ಲ ಎನ್ನುವುದಕ್ಕೆ ಅದೇ ವರ್ಷದ, ಯು ಹ್ಯುನ್‌ಮೋಕ್ ನಿರ್ದೇಶನದ ‘ಒಬಲ್ತಾನ್’ ಸಾಕ್ಷಿ. ಹಲ್ಲುನೋವಿನ ಗುಮಾಸ್ತನೊಬ್ಬ ಎತ್ತ ಹೋಗಬೇಕೆಂದೇ ತಿಳಿಯದೆ ಟ್ಯಾಕ್ಸಿಯಲ್ಲಿ ಕುಸಿದು ಕೂತಿರುವಲ್ಲಿ ಆ ಚಿತ್ರ ಮುಗಿಯುತ್ತದೆ.

ನಮ್ಮಲ್ಲಿ ಗಡಿಯಾರ ಬೇರೆ ಹೊತ್ತು ತೋರಿಸುತ್ತಿತ್ತು. ದೇವರಾಜ ಅರಸರ ಸರಕಾರದ ಭೂ ಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಭೂಮಿ ಸರಕಾರಕ್ಕೆ ಸೇರಿತು, ಒಕ್ಕಲು ಏಳನೇ ನಂಬರಿನ ಫಾರಂ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಲ್ಲಬೇಕಾಯಿತು. ಕರಾವಳಿಯಲ್ಲಿ ಈ ಕಾಲವನ್ನು ಜನ ಇಂದಿಗೂ ‘ಡಿಕ್ಲರೇಶನ್ ಹಾಕಿದ ಕಾಲ’ ಎನ್ನುತ್ತಾರೆ. ‘ಚೋಮನ ದುಡಿ’ ತಯಾರಾದದ್ದು ಸರಿಯಾಗಿ ಈ ನಡುವೆ. ಉಳುವವನೇ ಹೊಲದೊಡೆಯ ಎಂಬ ಘೋಷಣೆ ಊರೂರಲ್ಲಿ ಕೇಳುತ್ತಿದ್ದಾಗ ಚಿತ್ರ ಒಂದು ಅಹಿತಕರ ಮಾತನ್ನು ಎತ್ತಿತು: ಉಳಲು ಬಿಟ್ಟಿರದವನ ಗತಿಯೇನು? ಗೇಣಿ ಚೀಟಿ ಇದ್ದವನು ಫಾರಂ ತುಂಬಬಹುದು. ಚೋಮನ ಹತ್ತಿರ ಎತ್ತುಗಳಿವೆ, ಚೀಟಿ ಇಲ್ಲ.

ಜೀತ ಪದ್ಧತಿಯನ್ನು ರದ್ದುಗೊಳಿಸುವ ಕೇಂದ್ರದ ಸುಗ್ರೀವಾಜ್ಞೆ ಬಂದದ್ದೂ 1975ರ ಅಕ್ಟೋಬರಿನಲ್ಲಿ. 1976ರಲ್ಲಿ ಅದು ಕಾಯ್ದೆಯಾಯಿತು. ಹೀಗೆ ಒಂದೇ ವರ್ಷದಲ್ಲಿ ಕಾಗದದ ಮೇಲೆ ಚೋಮನ ಬಿಡುಗಡೆಯೂ ಪರದೆಯ ಮೇಲೆ ಚೋಮನ ಸಾವೂ ಒಟ್ಟಿಗೆ ನಡೆದವು. ದಲಿತ ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾದದ್ದೂ 1975ರಲ್ಲೇ. ಚೋಮನ ಕಥೆಯನ್ನು ಕರುಣೆಯಿಂದ ಹೊರಗಿನವರು ಹೇಳುವ ಕಾಲ ಮುಗಿಯುತ್ತ ಬಂದಿತ್ತು, ಒಳಗಿನವರು ತಮ್ಮ ಮಾತನ್ನು ತಾವೇ ಆಡತೊಡಗಿದ್ದರು. ಚಿತ್ರವನ್ನು ಮೆಚ್ಚುವವರು ಈ ನೆರೆಹೊರೆಯನ್ನು ಮರೆಯಬಾರದು.

6. ಒಂದೇ ದೈವ, ಎರಡು ಕೆಲಸ

ಈಗ ಕೆರಾಡಿಗೆ ಮರಳೋಣ. ಎಲ್ಲ ಬಾಗಿಲು ಮುಚ್ಚಿದ ಮೇಲೆ ಚೋಮ ಮತಾಂತರಕ್ಕೆ ಮನಸ್ಸು ಮಾಡಿ ಹೊರಡುತ್ತಾನೆ. ಅಲ್ಲಿ ಭೂಮಿ ಸಿಗಬಹುದು. ಅವನನ್ನು ಹಿಂದಕ್ಕೆ ತಿರುಗಿಸುವುದು ಧಣಿಯ ಹೆದರಿಕೆಯಲ್ಲ, ಪಂಜುರ್ಲಿಯ ಮೇಲಿನ ನಂಬಿಕೆ. ತಲೆತಲಾಂತರದಿಂದ ನಂಬಿದ ಭೂತವನ್ನು ಬಿಟ್ಟು ಹೋಗಲು ಅವನ ಕಾಲು ಏಳುವುದಿಲ್ಲ.

‘ಕಾಂತಾರ’ದ ಕಥೆ 1847, 1970, 1990 ಎಂಬ ಮೂರು ಕಾಲಗಳಲ್ಲಿ ನಡೆಯುತ್ತದೆ. ನೆಮ್ಮದಿ ಹುಡುಕಿ ಹೊರಟ ಅರಸ ಪಂಜುರ್ಲಿಯ ಕಲ್ಲಿಗೆ ಬದಲಾಗಿ ಕಾಡಿನ ಜನರಿಗೆ ಭೂಮಿ ಬಿಡುತ್ತಾನೆ. ಅವನ ವಂಶದವನು ಅದನ್ನು ಮರಳಿ ಕೇಳಿದಾಗ ದೈವದ ನುಡಿ ಅಡ್ಡ ನಿಲ್ಲುತ್ತದೆ. ಇಲ್ಲಿ ಪಂಜುರ್ಲಿ ಎಂದರೆ ನೋಂದಣಿ ಕಚೇರಿಗಿಂತ ಹಳೆಯ ದಾಖಲೆ, ಭೂಮಿಯ ಸಾಕ್ಷಿ.

ಒಂದೇ ದೈವ ಒಂದು ಚಿತ್ರದಲ್ಲಿ ಭೂಮಿ ಕೊಡಿಸುತ್ತದೆ, ಇನ್ನೊಂದರಲ್ಲಿ ಭೂಮಿಗೆ ಹೋಗುವ ದಾರಿಯನ್ನು ತಡೆಯುತ್ತದೆ. ದೈವದ ಸ್ವಭಾವ ಬದಲಾಯಿತು ಎಂದು ಇದನ್ನು ಓದುವುದು ತಪ್ಪಾದೀತು. ದೈವ ಯಾರ ಪರವಾಗಿ ನುಡಿ ಕೊಡುತ್ತದೆ ಎಂಬುದು ಎದುರು ನಿಂತವನಿಗೆ ಊರಿನಲ್ಲಿ ಇರುವ ಸ್ಥಾನದ ಮೇಲೂ ನಿಂತಿದೆ. ‘ಕಾಂತಾರ’ದ ಹಳ್ಳಿಯವರು ಅರಸನ ಜೊತೆ ಮಾತುಕತೆಗೆ ನಿಲ್ಲಬಲ್ಲ ಒಂದು ಸಮುದಾಯ, ಅವರಿಗೆ ಕೊಡುವಂಥದ್ದು ಒಂದು ಕಲ್ಲಾದರೂ ಇತ್ತು. ಚೋಮನಿಗೆ ಪಂಜುರ್ಲಿಯ ಮೇಲೆ ಭಕ್ತಿ ಇದೆ, ಪಂಜುರ್ಲಿಯ ಮೇಲೆ ಹಕ್ಕಿಲ್ಲ.

ಇಲ್ಲೊಂದು ಎಚ್ಚರಿಕೆ ಸೇರಿಸಬೇಕು. ಕೆರಾಡಿ ಕುಂದಗನ್ನಡದ ಸೀಮೆ. ಪಂಜುರ್ಲಿ, ಗುಳಿಗ ದೈವಗಳ ಕೋಲದ ಮುಖ್ಯ ನೆಲೆ ತೆಂಕಣ ತುಳು ನಾಡು. ಕುಂದಾಪುರದ ಕಡೆ ಹಾಯ್ಗುಳಿ, ಚಿಕ್ಕು, ಬೊಬ್ಬರ್ಯರ ಹೆಸರು ಹೆಚ್ಚು ಬಳಕೆಯಲ್ಲಿದೆ, ಆಚರಣೆಗೆ ಪಾಣರಾಟ ಎಂಬ ಬೇರೆ ಹೆಸರಿದೆ. ಸಿನಿಮಾದ ನೆಲವನ್ನೇ ಆಚರಣೆಯ ನೆಲ ಎಂದುಕೊಂಡು ಬರುವ ಸಂಶೋಧಕರು ಈ ವ್ಯತ್ಯಾಸವನ್ನು ಬದಿಗಿಡಬಾರದು. ‘ಚೋಮನ ದುಡಿ’ಗೂ ಇದೇ ಮಾತು ಹೊಂದುತ್ತದೆ. ಲೇಖಕರು ಕೋಟದವರಾದರೂ ಅವರು ಕಂಡು ಬರೆದ ಬದುಕು ಬಹುಮಟ್ಟಿಗೆ ಪುತ್ತೂರು ಸೀಮೆಯದು. ನಿರ್ದೇಶಕರು ಬಂಟ್ವಾಳ ತಾಲೂಕಿನ ಮಂಚಿಯವರು.

7. ಕಪ್ಪು-ಬಿಳುಪು ಮತ್ತು ದುಡಿಯ ಸದ್ದು

1975ರ ಹೊತ್ತಿಗೆ ಕನ್ನಡದಲ್ಲಿ ಬಣ್ಣ ಹೊಸದಾಗಿರಲಿಲ್ಲ. ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲೇ ಬಂದಿತ್ತು; ‘ಚೋಮನ ದುಡಿ’ಯ ವರ್ಷವೇ ‘ಮಯೂರ’ ವರ್ಣದಲ್ಲಿ ತೆರೆಕಂಡಿತು. ಅರಮನೆಯ ಕಥೆಗೆ ಬಣ್ಣ, ಗುಡಿಸಲಿನ ಕಥೆಗೆ ಕಪ್ಪು-ಬಿಳುಪು ಎಂಬ ವಿಂಗಡಣೆಯ ಹಿಂದೆ ಬಂಡವಾಳದ ಲೆಕ್ಕ ಖಂಡಿತ ಇತ್ತು. ಅದನ್ನು ಕಲೆಯ ಆಯ್ಕೆ ಎಂದಷ್ಟೇ ಹೊಗಳುವುದು ಸರಿಯಲ್ಲ. ಆದರೆ ಎಸ್. ರಾಮಚಂದ್ರ ಅವರ ಛಾಯಾಗ್ರಹಣ ಆ ಮಿತಿಯನ್ನು ಬಳಸಿಕೊಂಡ ರೀತಿ ಬೇರೆಯೇ. ಮಳೆಗಾಲದ ಕರಾವಳಿಯ ಹಸಿರು ಬಣ್ಣದಲ್ಲಿ ಕಂಡರೆ ಮೊದಲು ಸೊಗಸಾಗಿ ಕಾಣುತ್ತದೆ. ಹಸಿರು ತೆಗೆದ ಮೇಲೆ ಗದ್ದೆ ಗದ್ದೆಯಾಗಿಯೇ ಉಳಿಯುತ್ತದೆ, ಕೆಸರು ಕೆಸರಾಗಿ. ಪ್ರೇಕ್ಷಕ ಪ್ರವಾಸಿಯಾಗುವುದು ತಪ್ಪುತ್ತದೆ.

ಬಣ್ಣ ಇಲ್ಲದ ಕಡೆ ಕೆಲಸ ಮಾಡುವುದು ಶಬ್ದ. ದುಡಿ ಎರಡೂ ಕಡೆ ಚರ್ಮ ಬಿಗಿದ ಪುಟ್ಟ ವಾದ್ಯ. ಚೋಮನಿಗೆ ಎದುರುತ್ತರ ಕೊಡುವ ಬಾಯಿಲ್ಲ. ಸಿಟ್ಟು ಬಂದಾಗ, ದುಃಖ ಉಕ್ಕಿದಾಗ, ಕುಡಿದ ಹೊತ್ತಿನಲ್ಲಿ ಅವನ ಕೈ ದುಡಿಗೆ ಹೋಗುತ್ತದೆ. ಸಂಗೀತವೂ ನಿರ್ದೇಶಕ ಬಿ.ವಿ. ಕಾರಂತರದೇ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬೆಳೆದು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಅವರಿಗೆ ವಾದ್ಯವನ್ನು ಪಾತ್ರದ ಮಾತಾಗಿಸುವ ವಿದ್ಯೆ ಕರಗತವಾಗಿತ್ತು. ಕೊನೆಯಲ್ಲಿ ಚೋಮ ನೆಲಕ್ಕೆ ನೇಗಿಲು ಹೂಡಿ ಉಳುತ್ತಾನೆ, ಎತ್ತುಗಳನ್ನು ಕಾಡಿಗೆ ಅಟ್ಟುತ್ತಾನೆ, ಬಾಗಿಲು ಹಾಕಿಕೊಂಡು ಜೀವ ಹೋಗುವ ತನಕ ದುಡಿ ಬಾರಿಸುತ್ತಾನೆ.

ಶಿವರಾಮ ಕಾರಂತರಿಗೆ ಸಿನಿಮಾ ಹೊರಗಿನ ಕಲೆಯಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಮೂಕಿ ಕಾಲದಲ್ಲೇ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಚಿತ್ರಗಳನ್ನು ಅವರು ತೆಗೆದಿದ್ದರು. ‘ಚೋಮನ ದುಡಿ’ಯ ಕೆಲವೇ ವರ್ಷಗಳಲ್ಲಿ, 1978ರಲ್ಲಿ, ‘ಮಲೆಯ ಮಕ್ಕಳು’ ಚಿತ್ರವನ್ನು ತಾವೇ ನಿರ್ದೇಶಿಸಿದರು.

8. ನಿಲುವು

ಹೋಲಿಕೆಯಿಂದ ಕಂಡದ್ದನ್ನು ಹೀಗೆ ಹೇಳಬಹುದು. ‘ಮಾಬು’ವಿನಲ್ಲಿ ಪ್ರಾಣಿಯ ಒಡೆತನ ಬದಲಾದಾಗ ಬದುಕು ಬದಲಾಗುತ್ತದೆ, ಏಕೆಂದರೆ ಕುದುರೆ ಓಡಬೇಕಾದ ಬೀದಿ ಎಲ್ಲರದು. ‘ಚೋಮನ ದುಡಿ’ಯಲ್ಲಿ ಪ್ರಾಣಿಯ ಒಡೆತನ ಮೊದಲಿನಿಂದಲೂ ಚೋಮನದೇ, ಎತ್ತು ನಡೆಯಬೇಕಾದ ಗದ್ದೆ ಅವನದಲ್ಲ, ಊರು ಅದನ್ನು ಅವನದಾಗಲು ಬಿಡುವುದೂ ಇಲ್ಲ. ಎರಡು ಕಥೆಗಳ ಅಂತ್ಯ ಬೇರೆಯಾದದ್ದಕ್ಕೆ ನಿರ್ದೇಶಕರ ಮನೋಧರ್ಮಕ್ಕಿಂತ ಈ ವ್ಯತ್ಯಾಸವೇ ದೊಡ್ಡ ಕಾರಣ. ‘ಕಾಂತಾರ’ ಅದೇ ನೆಲದ ಪ್ರಶ್ನೆಯನ್ನು ಸುಮಾರು ಐದು ದಶಕದ ಆಚೆ ಮತ್ತೆ ಎತ್ತಿತು. ಆದರೆ ಅಲ್ಲಿ ಭೂಮಿ ಕಳೆದುಕೊಳ್ಳುವ ಭಯವಿರುವುದು ಒಮ್ಮೆ ಪಡೆದವರಿಗೆ. ಎಂದೂ ಪಡೆಯದವನ ಕಥೆ ಹಳೆಯ ಚಿತ್ರದಲ್ಲೇ ಉಳಿದಿದೆ.

ಗಿರೀಶ ಕಾಸರವಳ್ಳಿಯವರ ಕಪ್ಪು-ಬಿಳುಪಿನ ‘ಘಟಶ್ರಾದ್ಧ’ (1977) ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ಪರದೆ ಏರಿತು. ಕೊರಿಯಾದವರು ಕಿಮ್ ಕಿಯಂಗ್ ಅವರ ‘ಹಾನ್ಯೊ’ವನ್ನು (1960) ಹೀಗೆಯೇ ಉಳಿಸಿಕೊಂಡಿದ್ದಾರೆ. ‘ಚೋಮನ ದುಡಿ’ಗೂ ಅಂಥ ಆರೈಕೆ ಸಲ್ಲಬೇಕು. ‘ಕಾಂತಾರ’ದ ಸ್ಥಳ ನೋಡಲು ಕೆರಾಡಿಗೆ ಬರುವವರು ವಾಪಸು ಹೋಗುವ ದಾರಿಯಲ್ಲಿ ಕೋಟದಲ್ಲಿ ಇಳಿಯಲಿ; ಮನೆ ಮುಟ್ಟಿದ ಮೇಲೆ ಈ ಚಿತ್ರವನ್ನು ಒಮ್ಮೆ, ದುಡಿಯ ಸದ್ದು ನಿಲ್ಲುವವರೆಗೂ ಕೂತು ನೋಡಲಿ.